ಲಾಡ್ಜ್‌ಪೋಲ್ ಪೈನ್ ಮರದಿಂದ ಅಂಟು ಸುರಿಯುತ್ತಿದೆ, ಔಷಧಿ ಹೊಡೆಸಲೇ?
ತೊಗಟೆ ಮೇಲೆ ಪಾಪ್‌ಕಾರ್ನ್‌ನಂಥ ಅಂಟಿನ ಉಂಡೆ, ಬುಡದಲ್ಲಿ ಕಂದು ಪುಡಿ ಅಂದಿರಲ್ಲ, ಅಮೆರಿಕದ ಮೊಂಟಾನಾದಲ್ಲಿ ಅದು ಬಹುಶಃ ಮೌಂಟನ್ ಪೈನ್ ಬೀಟಲ್ ಎಂಬ ತೊಗಟೆ ಕೊರೆಯುವ ಹುಳ. ಫೋಟೋ ಇಲ್ಲದೆ ಪೂರ್ತಿ ಖಚಿತವಾಗಿ ಹೇಳಲಾರೆ. ಅಂಟಿನ ಪಕ್ಕ ಚಾಕುವಿನಿಂದ ಸ್ವಲ್ಪ ತೊಗಟೆ ಎಬ್ಬಿಸಿ ನೋಡಿ. ಒಳಗೆ ಜೆ ಅಕ್ಷರದಂಥ ಉದ್ದನೆಯ ಸುರಂಗ ಇದ್ದರೆ ಅದೇ. ವೈ ಅಥವಾ ಎಚ್ ಆಕಾರವಾದರೆ ತೊಗಟೆ ಕೊರೆಯುವ ಇನ್ನೊಂದು ಜಾತಿ, ಇಪ್ಸ್ ಹುಳ.

ಆಮೇಲೆ ತೊಗಟೆಯ ಕೆಳಗಿನ ಕಟ್ಟಿಗೆಯ ಬಣ್ಣ ನೋಡಿ. ನೀಲಿಗಟ್ಟಿದ್ದರೆ ಹುಳ ಹೊತ್ತು ತಂದ ಶಿಲೀಂಧ್ರ ನೀರಿನ ದಾರಿ ಮುಚ್ಚಿದೆ. ಎಲೆ ಇನ್ನೂ ಹಸಿರಾಗಿದ್ದರೂ ಆ ಮರ ಉಳಿಯುವುದಿಲ್ಲ, ಬೇಜಾರಿನ ವಿಷಯ. ಸುಮ್ನೆ ಔಷಧಿ ಹೊಡೆಸಬೇಡಿ. ಹುಳ ಹಾರುವುದು ಜುಲೈ ಹೊತ್ತಿಗೆ. ಅದಕ್ಕೂ ಮುಂಚೆ ಕಡಿಸಿ, ತೊಗಟೆ ಸುಲಿಸಿ. ಸೌದೆಗೆ ಅಂತ ಯಾರಿಗೂ ಕೊಡಲೇಬೇಡಿ, ಹುಳವೂ ಜೊತೆಗೆ ಹೋಗುತ್ತೆ. ಪಕ್ಕದ ಚೆನ್ನಾಗಿರುವ ಮರಗಳಿಗೆ ಜೂನ್‌ನಲ್ಲೇ ವರ್ಬೆನೋನ್ (ಈ ಹುಳವನ್ನು ದೂರ ಇಡುವ ವಾಸನೆಯ ವಸ್ತು) ಪೊಟ್ಟಣ ಕಟ್ಟಿ.