ನಿಮ್ಮ ಯೋಬ ಬೇಗ ಸುಮ್ಮನಾಗಿಬಿಟ್ಟ

ನಮಸ್ಕಾರ. ಹೀಬ್ರೂ ಬೈಬಲಿನಲ್ಲಿ ತಪ್ಪಿಲ್ಲದೆ ಕಷ್ಟಪಟ್ಟ ಯೋಬನ ಬಗ್ಗೆ ನೀವು ಕಳಿಸಿದ ‘ತಾಳ್ಮೆಗೆ ಸಿಕ್ಕ ಫಲ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ತಕರಾರು ಅದರ ಬಗ್ಗೆ ಅಲ್ಲ.

ನಿಮ್ಮ ಯೋಬ ಎಲ್ಲ ಕಳೆದುಕೊಂಡು, ದೇವರೇ ಕೊಟ್ಟ, ದೇವರೇ ತಗೊಂಡ ಅನ್ನುತ್ತಾನೆ. ಮುಂದಿನ ಪ್ಯಾರಾದಲ್ಲೇ ಎಲ್ಲವೂ ಎರಡರಷ್ಟು ವಾಪಸ್ ಬರುತ್ತದೆ. ಯೋಬನ ಗ್ರಂಥದ ಮೊದಲೆರಡು ಅಧ್ಯಾಯ ಓದಿ ಸೀದಾ ಕೊನೆಯದಕ್ಕೆ ಹಾರಿದ್ದೀರಿ, ಅಲ್ವಾ? ಒಟ್ಟು 42 ಇವೆ ಸ್ವಾಮಿ. ನಡುವೆ ಬಹುಪಾಲು ಬರೀ ಜಗಳ. 3ನೇ ಅಧ್ಯಾಯದಲ್ಲಿ ಯೋಬ ಬಾಯಿ ತೆರೆಯುವುದೇ ತಾನು ಹುಟ್ಟಿದ ದಿನಕ್ಕೆ ಶಾಪ ಹಾಕಲು.

ಮೂವರು ಗೆಳೆಯರಿಗೆ ನೀವು ಕೊಟ್ಟಿರುವುದು ಒಂದೇ ಸಾಲು: ‘ಬಂದು ಸಮಾಧಾನ ಹೇಳಿದರು’. ಬೂದಿಯಲ್ಲಿ ಕೂತು ಮಡಕೆ ಚೂರಿನಿಂದ ಹುಣ್ಣು ಕೆರೆದುಕೊಳ್ಳುತ್ತಿದ್ದವನ ಪಕ್ಕ ಅವರು 7 ಹಗಲು, 7 ರಾತ್ರಿ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರೇ. ಆಮೇಲೆ ಬಾಯಿ ಬಿಟ್ಟರು ನೋಡಿ. ತಪ್ಪು ಮಾಡದವನು ಎಲ್ಲಾದರೂ ಹಾಳಾದದ್ದುಂಟಾ ಅಂತ ಎಲೀಫಜ ಕೇಳುತ್ತಾನೆ. ಬಿಲ್ದದ ಇನ್ನೂ ಜಾಸ್ತಿ, ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕೇ ಹೋದರು ಅನ್ನೋ ಧಾಟಿಯಲ್ಲಿ ಮಾತಾಡುತ್ತಾನೆ, ಅದೂ ಒಂದೇ ದಿನ ಹತ್ತು ಮಕ್ಕಳನ್ನು ಕಳೆದುಕೊಂಡವನ ಮುಂದೆ! (ಸಾವಿನ ಮನೆಗೆ ಬಂದು ‘ಯಾವ ಜನ್ಮದ ಕರ್ಮವೋ’ ಅನ್ನುವವರು ನಮ್ಮಲ್ಲೂ ಇದ್ದಾರೆ.) ‘ಕಷ್ಟಕ್ಕೆ ಕಾರಣ ಇದ್ದೇ ಇರುತ್ತದೆ’ ಅನ್ನುವ ನಿಮ್ಮ ಕೊನೆಯ ಸಾಲು ಹೆಚ್ಚುಕಡಿಮೆ ಇವರದೇ ಮಾತು. ಆದರೆ ಕಡೆಗೆ ದೇವರು ಸಿಟ್ಟಾಗುವುದು ಈ ಮೂವರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ ಅನ್ನುತ್ತಾನೆ, ಅಷ್ಟೊಂದು ಕೂಗಾಡಿದ ಯೋಬ. ಲೇಖನ ಇಲ್ಲಿಂದ ಶುರುವಾಗಬೇಕಿತ್ತು.

ಹರಿಶ್ಚಂದ್ರನ ಹೋಲಿಕೆ ತೆಗೆಯಿರಿ, ಇಲ್ಲವೇ ಪೂರ್ತಿ ಮಾಡಿ. ಅಲ್ಲಿ ಲೋಹಿತಾಶ್ವ ಎದ್ದು ಕೂರುತ್ತಾನೆ, ಇದು ಪರೀಕ್ಷೆ ಅಂತ ಗೊತ್ತಾಗುತ್ತದೆ. ಇಲ್ಲಿ, ಎಲ್ಲ ಕಿತ್ತುಕೊಂಡರೆ ಯೋಬ ನಿನ್ನನ್ನು ಶಪಿಸುತ್ತಾನೆ ಅಂತ ಸೈತಾನ ದೇವರಿಗೇ ಸವಾಲು ಹಾಕಿದ್ದ; ಆ ವಿಷಯ ಯೋಬನಿಗೆ ದೇವರೂ ಹೇಳುವುದಿಲ್ಲ. ಬಿರುಗಾಳಿಯೊಳಗಿಂದ ಮಾತಾಡುತ್ತಾನೆ, ಕಾಡುಮೇಕೆ ಯಾವಾಗ ಮರಿ ಹಾಕುತ್ತದೆ ಗೊತ್ತಾ ಅಂತ ಕೇಳುತ್ತಾನೆ. ಇದೂ ಒಂದು ಉತ್ತರವೇ? ನನಗಂತೂ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ.

ಇನ್ನು ‘ಎಲ್ಲವೂ ಎರಡರಷ್ಟು’. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000. ಮಕ್ಕಳು ಮಾತ್ರ ಮತ್ತೆ 7 ಗಂಡು, 3 ಹೆಣ್ಣು, ಮೊದಲಿನಷ್ಟೇ. ಈ ಮೂವರು ಹೆಣ್ಣುಮಕ್ಕಳ ಹೆಸರು ಗ್ರಂಥದಲ್ಲಿದೆ. ಸತ್ತ ಹತ್ತು ಮಕ್ಕಳಲ್ಲಿ ಒಬ್ಬರದೂ ಇಲ್ಲ. ಇದರ ಬಗ್ಗೆ ಎರಡು ಪುಟ ಬರೆದು ಕಳಿಸಿ, ಖಂಡಿತ ಓದುತ್ತೇನೆ.