ಹೊರಗಿನ ಪುಡಿ ತರಿಸಿದರೆ ಕುಂದಾ ಅಗ್ಗವಾಗುತ್ತಾ?

ಪ್ರಶ್ನೆ: ನಮ್ಮದು ಕುಂದಾ, ಪೇಡೆ ಮಾಡುವ ಸಣ್ಣ ಅಂಗಡಿ. ಹಾಲು, ಖವಾ ರೇಟು ಏರುತ್ತಲೇ ಇದೆ. ನ್ಯೂಜಿಲೆಂಡ್ ಕಡೆಯಿಂದ ಹಾಲಿನ ಪುಡಿ ತರಿಸಿದರೆ ನಮ್ಮಂಥವರಿಗೆ ಲಾಭ ಅಲ್ವಾ? ಅದಕ್ಕೆ ಶೇ. 60 ಸುಂಕ ಯಾಕೆ? (ಓದುಗರೊಬ್ಬರು, ಶಹಾಪುರ, ಬೆಳಗಾವಿ)

ಉತ್ತರ: ಮೊದಮೊದಲು ಲಾಭ ಆಗಬಹುದು, ಇಲ್ಲ ಅನ್ನಲ್ಲ. ಪುಡಿ ಕುಂದಾ ಬೆಳಗಾವಿಯವರ ನಾಲಿಗೆಗೆ ಒಪ್ಪುತ್ತಾ ಅನ್ನೋದು ಬೇರೆ ಜಗಳ, ಅದು ಇಲ್ಲಿ ಬೇಡ. ಸುಂಕ ಇರೋದು ನಮ್ಮ ರೈತರ ಹಾಲಿನ ರೇಟು ಉಳಿಸೋಕೆ, ಹೇಗೆ ಅಂತ ನೋಡಿ.

ಚಳಿಗಾಲದಲ್ಲಿ ಹಾಲು ಜಾಸ್ತಿ ಬರುತ್ತದೆ. ಮಿಕ್ಕಿದ್ದನ್ನು ಡೇರಿಗಳು ಬೆಣ್ಣೆ, ಪುಡಿ ಮಾಡಿ ಇಡುತ್ತವೆ. ಹತ್ತು ಲೀಟರ್ ಹಾಲಿಗೆ ಕೆನೆ ತೆಗೆದ ಪುಡಿ ಸಿಗೋದು ಒಂದು ಕೆಜಿಗಿಂತ ಸ್ವಲ್ಪ ಕಡಿಮೆ. ಈ ಪುಡಿಗೆ ಗಿರಾಕಿ ಇದ್ದರೆ ಮಾತ್ರ ಗೋಕಾಕ, ಅಥಣಿ, ಮುಧೋಳದ ರೈತರ ಹಾಲಿಗೆ ರೇಟು. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಶಾಲೆ ಮಕ್ಕಳಿಗೆ ಪುಡಿಯಿಂದ ಹಾಲು ಕೊಡ್ತಾರಲ್ಲ, ಅದರಿಂದ ಮಕ್ಕಳಿಗಷ್ಟೇ ಅಲ್ಲ, ಮಿಕ್ಕಿದ ಪುಡಿಗೂ ಒಂದು ದಾರಿ ಆಯಿತು. ಹೊರಗಿನ ಅಗ್ಗದ ಪುಡಿ ಬಂದು ಬಿದ್ದರೆ ಮೊದಲು ಗೋದಾಮು ತುಂಬುತ್ತದೆ, ಆಮೇಲೆ ಖರೀದಿ ದರ ಇಳಿಯುತ್ತದೆ, ಮೇವು-ಹಿಂಡಿ ಖರ್ಚೂ ಹುಟ್ಟದೆ ರೈತ ಎಮ್ಮೆಯನ್ನು ಸಂತೆಗೆ ಹೊಡೆಯುತ್ತಾನೆ. ಮಾರೋದು ಒಂದೇ ದಿನದ ಕೆಲಸ. ಕರು ಬೆಳೆದು ಹಾಲು ಕೊಡೋಕೆ ಮೂರು ವರ್ಷವಾದರೂ ಬೇಕು.

ಅಷ್ಟರಲ್ಲಿ ಹೊರಗಿನ ರೇಟು ಏರಿದರೆ? ಅದಂತೂ ನಮ್ಮ ಕೈಲಿಲ್ಲ. ಅಂತಾರಾಷ್ಟ್ರೀಯ ಹರಾಜಿನಲ್ಲಿ 2013ರಲ್ಲಿ ಟನ್ನಿಗೆ 5,000 ಡಾಲರ್ ದಾಟಿದ್ದ ಕೆನೆ ತೆಗೆದ ಪುಡಿ, 2015ರ ಆಗಸ್ಟ್‌ನಲ್ಲಿ 1,600ಕ್ಕಿಂತ ಕೆಳಗೆ ಬಿತ್ತು. ರಷ್ಯಾ ಯುರೋಪಿನ ಡೇರಿ ಮಾಲು ಬೇಡ ಅಂದಿತು, ಯುರೋಪು ಹಾಲಿನ ಕೋಟಾ (ಇಷ್ಟೇ ಹಾಲು ಉತ್ಪಾದಿಸಬೇಕು ಅನ್ನೋ ಮಿತಿ) ತೆಗೆದು ಹಾಕಿತು, ಚೀನಾ ಖರೀದಿ ಕಡಿಮೆ ಮಾಡಿತು. ಇದರಲ್ಲಿ ಒಂದಕ್ಕೂ ನಮ್ಮನ್ನು ಯಾರೂ ಕೇಳಲ್ಲ. ಶ್ರೀಲಂಕಾ ನೋಡಿ, ಅಲ್ಲಿ ಮನೆಮನೆಯ ಚಹಾಕ್ಕೂ ತರಿಸಿದ ಪುಡಿಯೇ. 2021-22ರಲ್ಲಿ ಡಾಲರ್ ಖಾಲಿಯಾದಾಗ ಜನ ಹಾಲಿನ ಪುಡಿಗೆ ಕ್ಯೂ ನಿಂತರು.

ಹಾಗಂತ ಹೊರಗಿನ ಪುಡಿ ಮುಟ್ಟಲೇಬಾರದು ಅಂತಲ್ಲ. 1970ರಲ್ಲಿ ದೇಶದ ಹಾಲು ಹೆಚ್ಚಿಸುವ ಆಪರೇಷನ್ ಫ್ಲಡ್ ಯೋಜನೆ ಶುರುವಾದಾಗ ಯುರೋಪಿನಿಂದ ದಾನವಾಗಿ ಬಂದ ಪುಡಿ, ಬೆಣ್ಣೆ ಎಣ್ಣೆಯನ್ನೇ (ಬೆಣ್ಣೆಯಿಂದ ತೆಗೆದ ತುಪ್ಪದಂಥ ಕೊಬ್ಬು) ಹಾಲು ಮಾಡಿ ದೊಡ್ಡ ಊರುಗಳಲ್ಲಿ ಮಾರಿದರು. ಆದರೆ ರೈತನ ರೇಟು ಕೆಡುವಷ್ಟು ಅಗ್ಗಕ್ಕೆ ಬಿಡಲಿಲ್ಲ, ಬಂದ ದುಡ್ಡನ್ನು ಹಾಲಿನ ಸಂಘ ಕಟ್ಟೋಕೆ ಹಾಕಿದರು. ಈಗಲೂ ಕೊರತೆ ಬಿದ್ದರೆ 10,000 ಟನ್‌ವರೆಗೆ ಶೇ. 15 ಸುಂಕಕ್ಕೆ ತರಿಸುವ ದಾರಿ ಇದೆ. ನನ್ನ ಪ್ರಕಾರ ಅಷ್ಟು ಸಾಕು.

ಪ್ರಶ್ನೆ: ಜಿಮ್‌ನವರು ಕುಡಿಯುವ ವೇ ಪ್ರೋಟೀನೂ ಹೊರಗಿಂದಲೇ ಬರುತ್ತಲ್ಲ, ಅದರಿಂದ ನಮ್ಮ ರೈತರಿಗೆ ಪೆಟ್ಟಿಲ್ವಾ? (ಓದುಗರೊಬ್ಬರು, ಜಮಖಂಡಿ)

ಉತ್ತರ: ಅಷ್ಟಿಲ್ಲ. ಅದು ಚೀಸ್ ಮಾಡುವಾಗ ಉಳಿಯುವ ನೀರಿನಿಂದ ತೆಗೆಯೋದು. ನಮ್ಮಲ್ಲಿ ಪನೀರ್ ತಿನ್ನೋರೇ ಜಾಸ್ತಿ, ಚೀಸ್ ಕಡಿಮೆ. ಪನೀರಿನ ಹುಳಿ ನೀರಿನಿಂದ ಪುಡಿ ತೆಗೆಯೋದು ಕಷ್ಟ, ಸುಮ್ನೆ ಚರಂಡಿಗೆ ಹೋಗೋದೇ ಹೆಚ್ಚು. ಹಾಗಾಗಿ ಹೊರಗಿನ ವೇ ಬಂದರೂ ನಮ್ಮ ರೈತರ ಹಾಲಿನ ಜೊತೆ ಅಷ್ಟು ಪೈಪೋಟಿ ಇಲ್ಲ.