ಸೇನೆಗಾಗಿ ತೆಗೆದ ಚಿತ್ರದಲ್ಲಿ ಅಳುವ ತಾಯಿ

ಯುದ್ಧಕಾಲದ ಜಪಾನಿ ಚಲನಚಿತ್ರಗಳೆಲ್ಲ ಬರೀ ಪ್ರಚಾರವೇ, ಸೈನಿಕರ ಮನೆಮಂದಿಯ ಸಂಕಟಕ್ಕೆ ಅವುಗಳಲ್ಲಿ ಜಾಗವೇ ಇರಲಿಲ್ಲವೇ ಎಂದು ತಾವು ಕೇಳಿದ್ದೀರಿ. ಪ್ರಚಾರವಂತೂ ಹೌದು, ಆದರೆ ಕೈಸುಕೆ ಕಿನೊಶಿತಾ ಅವರು 1944ರಲ್ಲಿ ನಿರ್ದೇಶಿಸಿದ 'ರಿಕುಗುನ್' ಚಿತ್ರವನ್ನು ದಯವಿಟ್ಟು ಕೊನೆಯವರೆಗೂ ನೋಡಿ. ಸೇನಾ ಸಚಿವಾಲಯದ ಅಪೇಕ್ಷೆಯಂತೆ ತಯಾರಾದ ಇದು ಬಹುಪಾಲು ಒಂದು ಕುಟುಂಬದ ತಲೆತಲಾಂತರದ ರಾಜನಿಷ್ಠೆಯನ್ನೇ ಹೇಳುತ್ತದೆ (ಆ ಭಾಗ ನನಗೆ ನೀರಸವೆನಿಸಿತು). ಕೊನೆಯಲ್ಲಿ ಮಾತ್ರ, ಮಗನನ್ನು ಬೀಳ್ಕೊಡಲು ಹೋಗದೆ ಮನೆಯಲ್ಲೇ ಉಳಿದು, ಸೈನಿಕರಿಗಾಗಿ ಚಕ್ರವರ್ತಿ ಹೊರಡಿಸಿದ್ದ ಆದೇಶದ ಸಾಲುಗಳನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ ತಾಯಿ, ಕಹಳೆಯ ದನಿ ಕಿವಿಗೆ ಬಿದ್ದೊಡನೆ ಬೀದಿಗೆ ಓಡಿ, ಬಾವುಟ ಬೀಸುವ ಜನಜಂಗುಳಿಯ ನಡುವೆ ನುಗ್ಗಿ, ದಂಡಿನಲ್ಲಿ ಸಾಗುತ್ತಿರುವ ಮಗನನ್ನು ಹುಡುಕಿ, ಅವನ ಪಕ್ಕದಲ್ಲೇ ಅಳುತ್ತ ಧಾವಿಸುತ್ತಾಳೆ. ಕಿನುಯೊ ತನಾಕಾ ಅವರ ಈ ಅಭಿನಯ ಹೆಚ್ಚುಕಡಿಮೆ ಮಾತಿಲ್ಲದ್ದು. ಕಾಗದದ ಮೇಲೆ ಅದು ಬರಿಯ ಬೀಳ್ಕೊಡುಗೆಯಾದ್ದರಿಂದ ಸೆನ್ಸಾರಿನವರಿಗೆ ಮೊದಲೇ ತಪ್ಪು ಹುಡುಕುವುದು ಕಷ್ಟವಿದ್ದಿರಬೇಕು. ಅಧಿಕಾರಿಗಳು ಸಿಟ್ಟಾದರು, ಯುದ್ಧ ಮುಗಿಯುವವರೆಗೆ ಕಿನೊಶಿತಾ ಬೇರೆ ಚಿತ್ರ ನಿರ್ದೇಶಿಸಲಿಲ್ಲ.

ಮನೆಯವರಿಗಿಂತ ಸೈನಿಕರ ಬಗೆಗೇ ತಮಗೆ ಹೆಚ್ಚು ಆಸಕ್ತಿಯಿದ್ದರೆ, ಚೀನಾದ ರಣರಂಗದಲ್ಲಿ ದಣಿದು ಹೋದ ಮುಖಗಳನ್ನು ತೋರಿಸಿದ ಫುಮಿಯೊ ಕಮೆಯಿ ಅವರ 1939ರ ಸಾಕ್ಷ್ಯಚಿತ್ರವನ್ನು ನೋಡಬಹುದು. ಅದರ ಬಿಡುಗಡೆಗಂತೂ ಅನುಮತಿಯೇ ಸಿಗಲಿಲ್ಲ.